ಎಣ್ಣೆಬೆರಳಿನ ಗೋಡೆ

ಪಟ್ಟಾಂಬಿಯ ವೈದ್ಯಶಾಲೆ. ಹಿಂದಿನ ಕೋಣೆಯಲ್ಲಿ
ಸುಣ್ಣ ಕಾಣದ ಗೋಡೆಯೊಂದಿದೆ.
ಸೊಂಟದೆತ್ತರದಿಂದ ಹೊರಟು
ನೂರಾರು ಎಣ್ಣೆಬೆರಳಿನ ಗುರುತು
ಇರುವೆಸಾಲಿನಂತೆ ಮೇಲಕ್ಕೆ.
ಕೆಲವು ಎದೆಮಟ್ಟಕ್ಕೇ ನಿಂತಿವೆ,
ಕೆಲವು ಕಿಟಕಿಯ ಚೌಕಟ್ಟು ದಾಟಿವೆ.
ನಾನು ಕಾರ್ತ್ಯಾಯನಿ, ಇಲ್ಲಿ ಬಿಸಿಗಂಟು ಕಟ್ಟುವವಳು.
ಮುಖ ಮರೆತೇನು, ಹೆಗಲು ಮರೆಯೆ.

ಥ್ರೇಸ್ಯಾಮ್ಮ ಬಂದದ್ದು ಕರ್ಕಾಟಕದ ಎರಡನೇ ವಾರ.
ಗುರುವಾಯೂರು ಬಸ್ಸಿನ ಕಂಡಕ್ಟರು,
ಇಪ್ಪತ್ತಮೂರು ವರ್ಷ ಬಲಗೈಯಲ್ಲಿ ಬೆಲ್ಲಿನ ಹಗ್ಗ ಜಗ್ಗಿದವಳು:
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು.
ಈಗ ಆ ಕೈ ಕಿವಿಯ ತನಕವೂ ಬರದು.
ಛತ್ರಿಯ ಹಿಡಿಕೆಯಿಂದ ಹಗ್ಗ ಎಳೆಯುತ್ತಿದ್ದಳಂತೆ,
ಕಾಲೇಜು ಹುಡುಗರು ನಕ್ಕರಂತೆ.
‘ನಗಲಿ. ಬಾಚಣಿಗೆ ತಲೆಗೆ ಹೋಗಲ್ಲ,
ತಲೆಯನ್ನೇ ಬಾಚಣಿಗೆಗೆ ತರುತ್ತೀನಿ.
ರಾತ್ರಿ ಮಗ್ಗುಲಾದರೆ ಯಾರೋ ಮೊಳೆ ಹೊಡೀತಾರೆ.
ಎರಡು ಆಸ್ಪತ್ರೆಯವರು ಕೈಯೆತ್ತಿಬಿಟ್ಟರು’ ಅಂದವಳು
ಗಕ್ಕನೆ ನಿಂತು, ನಕ್ಕು,
‘ಅವರಿಗಾದರೂ ಎತ್ತೋಕೆ ಬರುತ್ತಲ್ಲ!’

ನಂಬೀಶನ್ ವೈದ್ಯರು ಕೀಲಿಗೆ ಕಿವಿಗೊಟ್ಟವರಂತೆ ಬಾಗಿದರು.
‘ವಾತ ಒಳಹೊಕ್ಕು ಜಿಡ್ಡೆಲ್ಲ ನೆಕ್ಕಿದೆ. ಅವಬಾಹುಕ.
ಹೆಸರಿಗೆ ಹೆದರಬೇಡ.
ವರ್ಷವೋ ಎರಡೋ, ಬಹಳ ಸಲ ತಾನಾಗಿಯೇ ಬಿಡುತ್ತದೆ.
ಅದು ಹೋಗುವ ದಾರಿಗೆ ನಾವು ಎಣ್ಣೆ ಸವರುತ್ತೇವೆ, ಅಷ್ಟೆ.’

ಅಷ್ಟೆ ಅನ್ನುವುದು ಅವರಿಗೆ ಸುಲಭ.
ಎಕ್ಕದೆಲೆ, ಹುಣಸೆಚಿಗುರು, ನುಗ್ಗೆಸೊಪ್ಪು,
ಹೆಚ್ಚಿದ ನಿಂಬೆ, ತೆಂಗಿನತುರಿ,
ಕಂಪು ತಿರುಗುವ ತನಕ ಹುರಿದು, ಬಟ್ಟೆಯಲ್ಲಿ ಬಿಗಿದು
ಮೊದಲು ನನ್ನ ಮುಂಗೈಗೆ ಒತ್ತಿ ನೋಡಬೇಕು.
ಅಲ್ಲಿ ಸುಟ್ಟ ಕಲೆಗಳಿವೆ. ಲೆಕ್ಕವಿಟ್ಟಿಲ್ಲ.

ಬೆಳಿಗ್ಗೆ ಮೂಗಿಗೆ ಹತ್ತಿಬೀಜದ ತೈಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಬೇಡ ಅನ್ನುತ್ತದೆ ಗಾದೆ;
ಇಲ್ಲಿ ಮುಚ್ಚದೆ ಗತಿಯಿಲ್ಲ.
ಹನಿ ಗಂಟಲಿಗಿಳಿದು, ಮುಖ ಕಿವುಚಿ, ಉಗಿದು,
‘ಹೆಗಲು ಹಿಡಿದರೆ ಮೂಗೇಕೆ?’ ಎಂದಳು.
ಮೂಗು ತಲೆಯ ಬಾಗಿಲು ಅಂದೆ, ವೈದ್ಯರ ಮಾತನ್ನೇ.
‘ಸರಿ ಬಿಡು,
ನಮ್ಮ ಬಸ್ಸಲ್ಲೂ ಮುಂದೆ ಕೂರುವವರು ಹಿಂದಿನಿಂದ ಹತ್ತುತ್ತಾರೆ.’

ಆಮೇಲೆ ಗೋಡೆ.
ತೋರುಬೆರಳು, ನಡುಬೆರಳು, ಜೇಡದ ಕಾಲಿನಂತೆ.
ಮೊದಲ ದಿನ ಎದೆಮಟ್ಟ. ಐದನೇ ದಿನವೂ ಎದೆಮಟ್ಟ.
ಆರನೇ ದಿನ ಅತ್ತಳು. ನೋವಿಗಲ್ಲ,
ಪಕ್ಕದಲ್ಲಿ ಹತ್ತಿಹೋಗಿದ್ದ ಮೂರೇ ಬೆರಳಿನ ಗುರುತು ಕಂಡು.
‘ಯಾರದು?’
ಗರಗಸದ ಮಿಲ್ಲಿನ ಮೊಯ್ದುಣ್ಣಿಯದು. ಕಿಟಕಿ ದಾಟಿದ್ದಾನೆ ನೋಡು.
ಮರುದಿನ ಅವನ ಹೆಜ್ಜೆಯಲ್ಲೇ ಬೆರಳಿಟ್ಟು
ಎರಡಂಗುಲ ಏರಿದಳು. ಹಲ್ಲು ಕಚ್ಚಿದ ಸದ್ದು ನನಗೆ ಕೇಳಿತು.

ವೈದ್ಯರ ಮಗ ಸುಣ್ಣದ ಡಬ್ಬ ತಂದಿಟ್ಟಿದ್ದಾನೆ,
ಜರ್ಮನಿಯಿಂದ ಅತಿಥಿಗಳು ಬರುತ್ತಾರಂತೆ, ಗೋಡೆ ಗಲೀಜಂತೆ.
ಡಬ್ಬದ ಮೇಲೆ ನನ್ನ ಎಕ್ಕದ ಬುಟ್ಟಿ ಕೂತಿದೆ.
ಕೇಳಿದರೆ, ಜಾಗ ಎಲ್ಲಿದೆ ಅನ್ನುತ್ತೇನೆ.

ಇಪ್ಪತ್ತೊಂದನೇ ದಿನ ಹೊರಟಳು.
ಕೈ ಕಿವಿಯ ಮೇಲಕ್ಕೆ, ಇನ್ನೊಂದು ಚೂರು. ಪೂರ್ತಿ ಅಲ್ಲ.
ಗಂಟು ಬಿಗಿಯುವ ದಾರ ಒಂದು ಗೇಣು ಕೊಡು ಅಂದಳು,
ಎಣ್ಣೆ ಕುಡಿದು ಕಪ್ಪಾದದ್ದೇ ಬೇಕು.
ಯಾಕೆಂದು ನಾನು ಕೇಳಲಿಲ್ಲ.

ಮೊನ್ನೆ ಸಂಜೆ ಅದೇ ಬಸ್ಸು ಹತ್ತಿದೆ.
ಬೆಲ್ಲಿನ ಹಗ್ಗಕ್ಕೆ ಬಾಲದಂತೆ ಜೋತಿತ್ತು ನನ್ನ ದಾರ,
ಕೈ ಏರಿದಷ್ಟೂ ತುದಿ ಕತ್ತರಿಸುತ್ತಾಳಂತೆ, ವಾರಕ್ಕೊಂದು ಬೆರಳಗಲ.
ಇನ್ನು ನಾಲ್ಕು ಬೆರಳು ಉಳಿದಿದೆ.
ಎಕ್ಕ, ನಿಂಬೆ, ಬೆವರು, ಡೀಸೆಲ್ಲು.
ನಾನು ಇಳಿಯುವ ಸ್ಟಾಪು ಬಂತು.
ತುದಿಗಾಲಲ್ಲಿ ನಿಂತಳು.

ಒಂದು ಬೆಲ್ಲು.