ಎದೆಯ ಅಳತೆ

ಕೈ ಎತ್ತು ಒಬುರಾ. ಇನ್ನೂ ಸ್ವಲ್ಪ.
ಉಸಿರು ಬಿಗಿಹಿಡಿಯಬೇಡ, ನಾನು ಫೋಟೋ ತೆಗೆಯುತ್ತಿಲ್ಲ.
ಮೂವತ್ತೆಂಟು.
ಮೂವತ್ತೊಂಬತ್ತು ಅನ್ನೋಣ,
ರಾತ್ರಿ ನೀನು ಸ್ವೆಟರ್ ಹಾಕುವವನು.

ಗೊತ್ತು, ನಿನ್ನನ್ನು ಕಳಿಸಿದವಳು ನಿನ್ನ ಹೆಂಡತಿ.
ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿದೆಯಲ್ಲ,
ಹೆಂಡದಂಗಡಿ ಹೊಕ್ಕ ಪಾದ್ರಿಯ ಹಾಗೆ.
ಸಿಂದೋ ದಡದ ಗಂಡಸರೆಲ್ಲ ಹೀಗೇ ಬರುವುದು:
ಮಕ್ಕಳ ಸಮವಸ್ತ್ರದ ನೆಪ, ಹರಿದ ಜೇಬಿನ ನೆಪ,
ಆಮೇಲೆ ಮೆಲ್ಲಗೆ,
ಆ ಕಿತ್ತಳೆ ಬಣ್ಣದ ಜಾಕೆಟ್ಟು ಎಷ್ಟಮ್ಮ ಅಂತ.

ಎಷ್ಟು ಮಹಾ? ಎರಡು ಬುಟ್ಟಿ ಒಮೆನಾ ಮೀನಿನ ಬೆಲೆ.
ಅರ್ಧ ಈಗ ಕೊಡು. ಉಳಿದರ್ಧ ಕೊಡಲು
ನೀನು ಬದುಕಿರಬೇಕಲ್ಲ, ಅದೇ ನನಗೆ ಅಡಮಾನ.

ತಿರುಗು.

ಅವರು ಆಡುವುದೆಲ್ಲ ನನ್ನ ಕಿವಿಗೂ ಬೀಳುತ್ತದೆ.
ಇದನ್ನು ತೊಟ್ಟರೆ ಸಾವನ್ನು ಕರೆದಂತೆ, ಎನ್ನುತ್ತಾರೆ.
ಕೊಡೆ ಹಿಡಿದವರು ಕರೆದೇ ಮಳೆ ಬರುತ್ತದೆಯೇ ಹಾಗಾದರೆ?
ಬಲೆ ಸಿಕ್ಕಿಕೊಳ್ಳುತ್ತದೆ, ಎನ್ನುತ್ತಾರೆ.
ಅದಕ್ಕೇ ಬಕಲು ಪಕ್ಕಕ್ಕೆ ಹೊಲಿದಿದ್ದೇನೆ.
ಸೆಕೆ, ಎನ್ನುತ್ತಾರೆ. ಹೌದು, ಸೆಕೆಯೇ.
ಹುಟ್ಟಿದಾಗಿನಿಂದ ಈ ನೀರನ್ನು ಬಲ್ಲೆವು, ಎನ್ನುತ್ತಾರೆ,
ಸೊಂಟದಾಚೆ ನೀರು ಬಂದರೆ ಈಜಲು ಬಾರದವರು.
ನೀರು ನಮ್ಮನ್ನು ಬಲ್ಲದೇ ಎಂದು ಒಬ್ಬನೂ ಕೇಳಲಿಲ್ಲ.
ನಾಮ್ ಲೋಲ್ವೆ ನಂಟು ನೋಡುವುದಿಲ್ಲ, ಮಗನೇ.

ನನ್ನ ಒಡುಂಡೊ ಕೂಡ ನಕ್ಕಿದ್ದ.
ಆಗ ನಾನು ಹೊಲಿಯುತ್ತಿದ್ದುದು ಮದುವೆಯ ಗೌನು,
ಚರ್ಚಿನಲ್ಲಿ ಹಾಡುವವರ ನಿಲುವಂಗಿ.
ಮ್ಫಾಂಗಾನೊ ಗುಡ್ಡದ ನೆತ್ತಿಗೆ ಮಸಿ ಬಳಿದಂಥ ಮೋಡ.
ಬೆರಳು ಮಾಡಿ ತೋರಿಸಿದೆ.
ಬ್ಯಾಟರಿ ಚಾರ್ಜಿಗೆ ದುಡ್ಡು ಕೊಟ್ಟಾಗಿದೆ, ಎಂದ.
ನಾಲ್ವರು ಹೋದರು.
ದೋಣಿ ಬಂತು, ಬೋರಲಾಗಿ.
ಮೂವರು ಬಂದರು, ಒಬ್ಬೊಬ್ಬರಾಗಿ, ದಿನ ಬಿಟ್ಟು ದಿನ.

ಒಂಬತ್ತು ದಿನ ದಡದಲ್ಲಿ ಕೂತೆವು.
ಆಮೇಲೆ ಹಿರಿಯರು ಯಾಗೊ ಮರದಿಂದ
ಮೊಳದುದ್ದದ ಕಾಯಿ ಕಡಿದು ತಂದರು.
ನೀನು ಚಿಕ್ಕವನು, ನೋಡಿರಲಾರೆ:
ನೀರು ದೇಹ ಕೊಡದಿದ್ದರೆ ಆ ಕಾಯನ್ನೇ ಹೂಳುವುದು,
ಬಟ್ಟೆ ಸುತ್ತಿ, ಹೆಸರು ಕರೆದು, ಅತ್ತು.
ಬಟ್ಟೆ ಸುತ್ತಿದವಳು ನಾನೇ. ದರ್ಜಿಯಲ್ಲವೇ,
ಕೈ ತಾನಾಗಿ ಟೇಪು ಹುಡುಕಿತು.
ಅವನದು ನಲವತ್ತೆರಡು ಅಂಗುಲದ ಎದೆ.
ಕಾಯಿಯ ಸುತ್ತಳತೆ ಹನ್ನೊಂದು.
ಉಳಿದ ಮೂವತ್ತೊಂದು ಎಲ್ಲಿ ಅಂತ
ಬೆಳಗಾದರೆ ನೀರನ್ನು ಕೇಳುತ್ತೇನೆ.

ಕೈ ಇಳಿಸು. ಆಯಿತು.

ಈಗ ಕೇಳು. ತಲೆಯಡಿ ಇಟ್ಟುಕೊಂಡರೆ ಇದು ಬರೀ ದಿಂಬು.
ಮೇಲೆ ಕೂತರೆ ಒಳಗಿನ ಫೋಮು ಚಪ್ಪಟೆ, ಆಮೇಲೆ ತೇಲಿಸುವುದಿಲ್ಲ.
ದಡ ಬಿಡುವ ಮೊದಲೇ ತೊಡಬೇಕು,
ಮೋಡ ನೋಡಿದ ಮೇಲಲ್ಲ.
ತೊಡೆಸಂದಿಯ ಪಟ್ಟಿಯನ್ನೂ ಬಿಗಿ. ನಗಬೇಡ,
ಅದಿಲ್ಲದಿದ್ದರೆ ಜಾಕೆಟ್ಟು ತೇಲುತ್ತದೆ, ನೀನು ಜಾರುತ್ತೀಯ.
ಮಗುಚಿದರೆ ದೋಣಿಯನ್ನೇ ಅಪ್ಪಿಕೊ.
ದಡ ಹತ್ತಿರ ಕಂಡೀತು, ನಂಬಬೇಡ.
ಕುಡಿದು ಹತ್ತಬೇಡ.
ರಿಸ್ಪಾಳ ಬಾಯಿ ಜೋರು ಅಂತ ನಿನ್ನಪ್ಪ ಬೈದರೆ
ಬೈಯಲಿ, ಅವನ ಅಳತೆಯೂ ನನ್ನ ಬಳಿ ಇದೆ.

ಮಗಳಿಗೆ ಎಷ್ಟಾಯಿತು, ಐದೇ?
ಅಮ್ಮ ಪಾತ್ರೆ ತೊಳೆಯುವಾಗ ನೀರಲ್ಲಿ ಆಡುತ್ತಾಳಲ್ಲ.
ಉಳಿದ ತುಂಡಿನಲ್ಲಿ ಅವಳಿಗೂ ಒಂದು ಹೊಲಿಯುತ್ತೇನೆ, ದುಡ್ಡು ಬೇಡ.
ಕಣ್ಣು ಮಾತ್ರ ತೆಗೆಯಬೇಡಿ ಅವಳ ಮೇಲಿಂದ.
ಕಣ್ಣನ್ನು ಹೊಲಿಯಲು ನನಗೆ ಬರುವುದಿಲ್ಲ.

ಇಗೋ ಸಿಳ್ಳೆ, ಇದೇ ದಾರದಲ್ಲಿ. ಊದು.
ಇದೇನು, ಬಿಸಿ ಚಹಾ ಆರಿಸುವ ಹಾಗೆ?
ಬೀದಿಯ ಆಡುಗಳು ತಿರುಗಿ ನೋಡಬೇಕು.
ಹೊರಗೆ ನಗುವವರು ನಗಲಿ.
ಕತ್ತಲು ಅಂದುಕೊ. ಗಾಳಿ. ದೀಪ ಆರಿದೆ.
ನಾನು ಇಲ್ಲಿ, ದಡದಲ್ಲಿ ನಿಂತಿದ್ದೇನೆ,
ಮೊದಲಿನ ಹಾಗೆ ಕಿವಿ ಕೇಳುವುದಿಲ್ಲ.

ಇನ್ನೊಮ್ಮೆ.