ಬೇಳೆ ಬೇಯದ ಎತ್ತರ

ಎಲ್ ಆಲ್ತೋಗೆ ಸೊಸೆಯಾಗಿ ಬಂದ ಮೊದಲ ವಾರವೇ
ನನ್ನ ಹೆಸರು ಕೆಟ್ಟಿತು.
ಒಲೆ ಹಚ್ಚಿ ಎರಡು ತಾಸು, ನೀರು ಕುಣಿಯುತ್ತಿದೆ,
ಕಾಳು ಮಾತ್ರ ಕಲ್ಲು.
ಅತ್ತೆ ಪೆತ್ರೋನಾ ಒಂದನ್ನು ಹಿಸುಕಿ ನೋಡಿ
ನನ್ನ ಅಂಗೈಯಲ್ಲಿಟ್ಟು ಹೋದಳು.
ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ.

ನಾನು ಕೆಳಗಿನವಳು, ಕಾರನಾವಿ ಕಣಿವೆಯವಳು.
ಅಲ್ಲಿ ಕಿತ್ತಳೆ, ಕೋಕಾ, ಬೆವರು;
ಕೂಸು ಅತ್ತು ಸುಮ್ಮನಾಗುವುದರೊಳಗೆ ಕಾಳು ಬೆಂದಿರುತ್ತಿತ್ತು.
ಇಲ್ಲಿ, ಮೋಡದ ಮಗ್ಗುಲಲ್ಲಿ,
'ನಿನ್ನ ಬೇಳೆ ಬೇಯುವ ಊರಲ್ಲ ಇದು' ಎಂದು ನೆರೆಯವರು ನಕ್ಕರು.
ಒಲೆಯ ಮುಂದೆ ಮದ್ಯ ಚಿಮುಕಿಸಿದೆ,
ಭೂಮಿತಾಯಿಗೆ ಸಕ್ಕರೆ ಸುಟ್ಟೆ,
ಮೂವತ್ತೊಂದು ವರ್ಷ ನಸುಕಿನ ಮೂರಕ್ಕೆ ಎದ್ದೆ
ಏಳರ ಗಿರಾಕಿಗೆ ಸೂಪು ಸಿದ್ಧವಾಗಲೆಂದು.
ಯಾಕೆ ಎಂದು ಕೇಳಲಿಲ್ಲ.
ಯಾಕೆ ಎಂಬುದು ಓದಿದವರ ಮನೆಯ ಸಾಮಾನು ಎಂದುಕೊಂಡಿದ್ದೆ.

ಗುರುವಾರದ ಸಂತೆಯಲ್ಲಿ ಕುಕ್ಕರು ರಿಪೇರಿಯ ಸೆವೇರೋ ತಿಕೋನಾ.
'ಒಂದು ರಬ್ಬರು ಬಳೆಗೆ ಹದಿನೈದಾ? ಅಂಥದ್ದೇನಿದೆ ಇದರಲ್ಲಿ?'
ಚೌಕಾಸಿಗೆ ಕೇಳಿದ್ದು, ಜ್ಞಾನಕ್ಕಲ್ಲ.
ಅವನು ಸ್ಪ್ಯಾನರು ಕೆಳಗಿಟ್ಟ.
ಪಕ್ಕದಂಗಡಿಯ ಕಂಬಳಿಗಳ ಅಟ್ಟಿ ತೋರಿಸಿ
'ತಳದ ಕಂಬಳಿಯಡಿ ಕೈ ತೂರಿಸಿ' ಎಂದ.
ತೂರಿಸಿದೆ. ಭಾರ.
'ಈಗ ಮೇಲಿನಿಂದ ಎರಡನೆಯದರಡಿ.'
ಹಗುರ.
'ಗಾಳಿಯೂ ಹೀಗೇ ಅಟ್ಟಿ. ನಿಮ್ಮ ತವರು ತಳದಲ್ಲಿ, ನಾವು ಇಷ್ಟು ಮೇಲೆ.
ಕುದಿಯುವುದೆಂದರೆ ನೀರು ಕಂಬಳಿ ಒದ್ದು ಏಳುವುದು.
ಕಂಬಳಿ ಹಗುರವಾದರೆ ಬೇಗ ಏಳುತ್ತದೆ,
ಪೂರಾ ಬಿಸಿಯಾಗುವ ಮೊದಲೇ.
ಕುಣಿತ ಇದೆ ದೊನ್ಯಾ, ಕಾಳಿಗೆ ಸಾಲುವ ಬಿಸಿ ಎಲ್ಲಿದೆ?
ಈ ಮುಚ್ಚಳ, ಈ ರಬ್ಬರು, ನೀರಿಗೆ ಹೊದಿಸುವ ಇನ್ನೊಂದು ಕಂಬಳಿ.
ಹದಿನೈದೇ.'

ಇಪ್ಪತ್ತು ಕೊಟ್ಟು ಚಿಲ್ಲರೆ ಮರೆತೆ.
ಸಂತೆಯ ನಡುವೆ ನಿಂತು ತಲೆಯೆತ್ತಿದೆ.
ಐವತ್ತೆರಡು ವರ್ಷ ಅದರಡಿ ನಡೆದಿದ್ದೆ,
ಆಕಾಶಕ್ಕೆ ತೂಕವಿದೆ ಎಂದು ಒಬ್ಬರೂ ಹೇಳಿರಲಿಲ್ಲ.

ನಂಬಿದೆನೇ? ಇಲ್ಲ.
ಸಂತೆಯಲ್ಲಿ ಯಾರ ಮಾತನ್ನೂ ತೂಗದೆ ಕೊಳ್ಳಬಾರದು.
ಅವನದೇ ಥರ್ಮಾಮೀಟರು ಕಡ ತಂದೆ, ಸ್ಪಿರಿಟ್ ಸ್ಟೋವು,
ಒಂದು ಚೊಂಬು, ತಂಗಿಯ ಊರಿನ ಬಸ್ಸು.
ಮನೆಯಲ್ಲಿ ಎಂಬತ್ತಾರು ದಾಟಿ ಕುದಿದಿತ್ತು.
ಕಣಿವೆಗಿಳಿಯುವ ಮುನ್ನ ಬೆಟ್ಟದ ನೆತ್ತಿ, ಹಿಮ, ಬಸ್ಸು ನಿಂತಿತು.
ಶಾಲಿನ ಮರೆಯಲ್ಲಿ ಸ್ಟೋವು ಹಚ್ಚಿದೆ. ಎಂಬತ್ತೈದು!
'ಇದೇನು ಬಸ್ಸೋ ಅಡುಗೆಮನೆಯೋ' ಡ್ರೈವರು ಹಾರ್ನು ಬಾರಿಸಿದ.
ಯೋಲೋಸಾದಲ್ಲಿ ಅವನೇ ಇಳಿದು ಬಂದು ಬಗ್ಗಿ ನಿಂತ,
ಕೋಕಾ ಮೂಟೆಯ ಮುದುಕಿಯೊಡನೆ ಒಂದು ಬಾಳೆಗೊನೆ ಪಣ.
ತೊಂಬತ್ತಾರು. ಮುದುಕಿ ಗೆದ್ದಳು.
ತಂಗಿಯ ಒಲೆಯ ಮೇಲೆ ತೊಂಬತ್ತೆಂಟು.
'ನೀರು ನೋಡಿ ನಗುವವರುಂಟೇನೆ?' ಎಂದಳು ಅವಳು.
ಉಂಟು.

ನವೆಂಬರಿನಲ್ಲಿ, ಸತ್ತವರು ಉಣ್ಣಲು ಬರುವ ದಿನ,
ಅತ್ತೆಯ ಪಾಲಿಗೆ ಕಾಳು ಬಡಿಸಿದೆ. ಬೆಣ್ಣೆಯ ಹಾಗಿತ್ತು.
ಹಿಂದಿನ ರಾತ್ರಿಯೇ ನೆನೆಹಾಕುತ್ತಿದ್ದಳು ಅವಳು, ಗುಟ್ಟಾಗಿ;
ನನಗೆ ತಿಳಿದದ್ದು ಅವಳು ಹಾಸಿಗೆ ಹಿಡಿದ ಮೇಲೆ.
ಹೇಗೆ ಎಂಬುದು ಅವಳ ಸೆರಗಿನ ಗಂಟಲ್ಲಿತ್ತು.
ಯಾಕೆ ಎಂಬುದು, ಪಾಪ, ಅವಳಿಗೂ ಯಾರೂ ಕೊಟ್ಟಿರಲಿಲ್ಲ.
ಕೊಟ್ಟಿದ್ದರೆ ನನಗೆ ಹೇಳುತ್ತಿದ್ದಳೋ ಏನೋ.
ಇಂಥದ್ದನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿರಲು ಆಗುವುದಿಲ್ಲ.

ಥರ್ಮಾಮೀಟರು ಹಿಂತಿರುಗಿಸುವಾಗ ಕೇಳಿದೆ:
'ಕಂಬಳಿಗಳೆಲ್ಲ ಮುಗಿಯುವಷ್ಟು ಮೇಲೆ ಹೋದರೆ?
ನೀರು ತಣ್ಣಗಿದ್ದೇ ಕುದಿದೀತಾ?'
ಸೆವೇರೋ ಗ್ರೀಸಿನ ಬೆರಳಲ್ಲಿ ಹಣೆ ಕೆರೆದ.
'ನಂಗೊತ್ತಿಲ್ಲ ದೊನ್ಯಾ. ನಾನು ರಬ್ಬರು ಬದಲಿಸುವವನು.'
ಎಷ್ಟು ಸಲೀಸಾಗಿ ಹೇಳಿಬಿಟ್ಟ!

ಉದ್ರಿ ಪುಸ್ತಕದಲ್ಲಿ, ಸೂಪು ಕುಡಿದು ಕೊಡದವರ ಹೆಸರುಗಳ ಕೆಳಗೆ
ಬರೆದಿಟ್ಟಿದ್ದೇನೆ: ತಣ್ಣೀರು ಕುದಿಯುವುದೇ?
ಬರಬೇಕಾದ ಬಾಕಿ ಅದು.
ವಸೂಲಿ ಮಾಡದೆ ಬಿಡುವವಳಲ್ಲ ನಾನು.