ಇಲ್ಲದ ಪಿನ್ನು

ಅಂಗಡಿ ನೆಲದಡಿಯಲ್ಲಿದೆ.
ಮೇಲೆ ತ್ಬಿಲಿಸಿಯ ರೈಲುನಿಲ್ದಾಣದ ಚೌಕ:
ಟೊಮೆಟೊ, ಕಾಲುಚೀಲ, ಯಾರದೋ ಮನೆ ಖಾಲಿ ಮಾಡಿ ತಂದ
ಹಿತ್ತಾಳೆ ಚಮಚ ಮಾರುವವರು.
ಕೆಳಗೆ ನಾನು, ನುಗ್ಜಾರ್,
ಹದಿನಾರು ವರ್ಷದಿಂದ
ಒಂದೇ ಟ್ಯೂಬ್‌ಲೈಟಿನ ಕೆಳಗೆ ಸ್ಕ್ರೂ ತಿರುಗಿಸುತ್ತ.

ನನಗೆ ಕೆಂಪು ಕಾಣುವುದಿಲ್ಲ.
ಹಸಿರೂ ಅಷ್ಟೆ.
ಎರಡೂ ಒಣಹುಲ್ಲಿನ ಬಣ್ಣದ ಅವಳಿ ಮಕ್ಕಳು,
ಯಾರು ಯಾರೆಂದು ಹೆತ್ತವಳೇ ಹೇಳಬೇಕು.
ಗಿರಾಕಿಗಳಿಗೆ ಹೇಳಿಲ್ಲ.
'ಕಂಪ್ಯೂಟರಿಗೆ ಬಣ್ಣದ ದೀಪ ಜೋಡಿಸಲಾಗುವುದು'
ಎಂದು ಬಾಗಿಲಿಗೆ ಬರೆದು ಅಂಟಿಸಿದವನು
ಇದನ್ನು ಯಾವ ಬಾಯಲ್ಲಿ ಹೇಳಲಿ?

ನಾನು ನಂಬುವುದು ಉಗುರನ್ನು.
ಮದರ್‌ಬೋರ್ಡಿನ ಅಂಚಿನಲ್ಲಿ ಎರಡು ಬಗೆಯ ಬಾಯಿ.
ಒಂದಕ್ಕೆ ನಾಲ್ಕು ಹಲ್ಲು, ಹನ್ನೆರಡು ವೋಲ್ಟು.
ಇನ್ನೊಂದಕ್ಕೆ ಮೂರೇ, ಐದು ವೋಲ್ಟು,
ಮತ್ತೊಂದು ಹಲ್ಲು ಬಿದ್ದ ಜಾಗ.
ಆ ಖಾಲಿಯನ್ನು ತಡವಿ, ಹೂಂ, ಇದೇ, ಅನ್ನುತ್ತೇನೆ.
ಲೋಕವೆಲ್ಲ ಬಣ್ಣ ಬಳಿದು ಗುರುತು ಇಡುವಾಗ
ಯಾರೋ ಪುಣ್ಯಾತ್ಮ
ಇಲ್ಲದ್ದನ್ನೇ ಗುರುತು ಮಾಡಿ ಇಟ್ಟಿದ್ದಾನೆ.

ಮೊದಲ ವರ್ಷ ಆ ಬುದ್ಧಿ ಇರಲಿಲ್ಲ.
ಮೂರರದ್ದನ್ನು ನಾಲ್ಕಕ್ಕೆ ತುರುಕಿದೆ.
ಹೊಗೆ ಸಹ ಬರಲಿಲ್ಲ, ಸೀದ ಸಕ್ಕರೆಯ ವಾಸನೆ ಸ್ವಲ್ಪ,
ಇಡೀ ಪಟ್ಟಿ ಕಣ್ಣು ಮುಚ್ಚಿತು.
ಆ ಹುಡುಗನ ಮುಖ ಕೆಂಪಾಯಿತಂತೆ.
ಅದೂ ಕಾಣಲಿಲ್ಲ.

ಮೊನ್ನೆ ಬೆಳಿಗ್ಗೆ ತಾಮ್ತಾ ಬಂದಳು.
ರಾತ್ರಿಯಿಡೀ ಆಂಬುಲೆನ್ಸಿನ ಕರೆ ಎತ್ತುವ ಕೆಲಸ,
ಕಿವಿಯ ಮೇಲೆ ಹೆಡ್‌ಫೋನಿನ ಅಚ್ಚು.
ಗಾಜಿನ ಡಬ್ಬ ಮೇಜಿನ ಮೇಲಿಟ್ಟು
'ದಾಳಿಂಬೆ ಬಣ್ಣ ಬೇಕು' ಅಂದಳು.
'ಸಿಪ್ಪೆಯೋ, ಕಾಳೋ?'
'ಕಾಳು.'

ಪಟ್ಟಿ ಅಂಟಿಸಿದೆ, ತಂತಿ ಎಳೆದೆ, ಸ್ವಿಚ್ಚು ಒತ್ತಿದೆ.
ಆರು ದೀಪ ಹತ್ತಿ ಅಲ್ಲಿಗೇ ನಿಂತಿತು.
ಇವು ಪಂಕ್ತಿಯಲ್ಲಿ ಕೂತವರ ಹಾಗೆ:
ತನ್ನ ಪಾಲು ಬಡಿಸಿಕೊಂಡು
ಮಿಕ್ಕಿದ್ದನ್ನು ಪಕ್ಕದವನಿಗೆ ದಾಟಿಸಬೇಕು.
ಏಳನೆಯವನು ತೂಕಡಿಸಿದರೆ
ಇಪ್ಪತ್ತೊಂದನೆಯವನ ಎಲೆ ಖಾಲಿ.
ಏಳನೆಯದನ್ನು ಕತ್ತರಿಸಿ ತೆಗೆದು
ಆರಕ್ಕೂ ಎಂಟಕ್ಕೂ ಬೆಸುಗೆ ಹಾಕಿದೆ.
ಸರಸರ ಸಾಲು ಹತ್ತಿತು.

ಇನ್ನು ಬಣ್ಣ.
ನನಗೆ ಗೊತ್ತಿರುವುದು ಸಂಖ್ಯೆ.
ನೂರ ಎಂಬತ್ತು, ಇಪ್ಪತ್ತು, ನಲವತ್ತು.
'ಈಗ?'
'ಇನ್ನೂ ಕಪ್ಪು ಬೇಕು.'
'ಈಗ?'
'ನೀಲಿ ಒಂಚೂರು.'
'ಈಗ?'
ಐದನೆಯ ಸಲಕ್ಕೆ ಸುಮ್ಮನಾದಳು.
'ನಿಮಗೆ ಕಾಣುವುದಿಲ್ಲ, ಅಲ್ಲವಾ?'

ಬೆಸುಗೆಯ ಕಡ್ಡಿ ಸ್ಟ್ಯಾಂಡಿಗಿಟ್ಟೆ.
ಹೌದೆನ್ನಲು ಹದಿನಾರು ವರ್ಷ ಬೇಕಾಯಿತು.

ಅವಳಿಗೆ ಅಚ್ಚರಿಯೇನೂ ಆದಂತಿರಲಿಲ್ಲ.
ಸ್ಟೂಲು ಎಳೆದುಕೊಂಡು ಕೂತಳು.
'ನಾನೂ ಹಾಗೇ. ಯಾವ ಕೋಣೆಯೋ, ಯಾರೋ ಬಿದ್ದಿರುತ್ತಾರೆ.
ನನಗೆ ಕಾಣದು. ಕೇಳುತ್ತೇನೆ:
ಉಸಿರು ಇದೆಯಾ? ತುಟಿ ಯಾವ ಬಣ್ಣ?
ನೀಲಿ ಅನ್ನುತ್ತಾರೆ. ಎದೆ ಒತ್ತಿ ಅನ್ನುತ್ತೇನೆ,
ಜೋರಾಗಿ ಎಣಿಸಿ, ನಿಲ್ಲಿಸಬೇಡಿ. ಈಗ? ಅನ್ನುತ್ತೇನೆ.
ಮತ್ತೆ, ಈಗ?'

ನನ್ನ ಹತ್ತಿರ ಒಂದು ರೂಲು ಪುಸ್ತಕವಿದೆ,
ಗಿರಾಕಿಗಳು ಬಿಟ್ಟುಹೋದ ಬಣ್ಣಗಳ ಲೆಕ್ಕ.
ಒದ್ದೆ ಇಟ್ಟಿಗೆ: ನೂರ ಮೂವತ್ತೊಂಬತ್ತು, ಐವತ್ತೆಂಟು, ನಲವತ್ತನಾಲ್ಕು.
ವಾಝಾನ ಮೊದಲ ಸೈಕಲ್ಲು.
ಅತ್ತೆಯ ನೇಲ್‌ಪಾಲಿಶು (ಗುಟ್ಟಾಗಿರಲಿ).
ಹೊಸ ಹಾಳೆ ತಿರುವಿದೆ.

'ದಾಳಿಂಬೆ ಬೇಡ' ಅಂದಳು.
'ಸ್ವಲ್ಪ ತಿಳಿ ಮಾಡಿ. ಇನ್ನೂ. ಹಾಂ, ನಿಲ್ಲಿಸಿ.'
ನೂರ ತೊಂಬತ್ತಾರು, ಎಪ್ಪತ್ತೆರಡು, ಎಂಬತ್ತು.
'ಹೆಸರು ಏನು ಬರೆಯಲಿ?'
'ತುಟಿ. ಉಸಿರು ಮರಳಿದ ಮೇಲೆ.'

ಬರೆದುಕೊಂಡೆ.
ಟ್ಯೂಬ್‌ಲೈಟು ಆರಿಸಿ ಇಬ್ಬರೂ ನೋಡುತ್ತ ನಿಂತೆವು,
ಅವಳು ಅದನ್ನು,
ನಾನು ಒಣಹುಲ್ಲನ್ನು.
ಚಿಲ್ಲರೆ ಇರಲಿಲ್ಲ, ಇಟ್ಟುಕೊಳ್ಳಿ ಎಂದು ಹೊರಟಳು.